ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಓದಲು ಸಾಧ್ಯವೇ?

ಪ್ರಶ್ನೆ: ನನ್ನ ಮಗಳಿಗೆ 9 ವರ್ಷ, ನಾಲ್ಕನೇ ತರಗತಿ. ನಾವು ದಾವಣಗೆರೆಯಲ್ಲಿದ್ದೇವೆ. ಅವಳಿಗೆ ಓದಿದ್ದು ನೆನಪಿರುವುದಿಲ್ಲ ಎಂದು ಹೋದ ತಿಂಗಳು ಎರಡು ದಿನದ ‘ಮಿಡ್‌ಬ್ರೇನ್ ಆಕ್ಟಿವೇಶನ್’ ಶಿಬಿರಕ್ಕೆ ಕಳಿಸಿದೆವು. ಈಗ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಬಣ್ಣ ಹೇಳುತ್ತಾಳೆ, ಪುಸ್ತಕ ಓದುತ್ತಾಳೆ. ಮನೆಯವರಿಗೆಲ್ಲ ಹೆಮ್ಮೆ. ಆದರೆ ಓದುವಾಗ ಅವಳು ತಲೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸುವುದನ್ನು ನಾನು ನೋಡಿದೆ. ಯಾರಿಗೂ ಹೇಳಿಲ್ಲ. ಅಲ್ಲಿಯೇ ಹತ್ತೂ ಬೆರಳಿನ ಅಚ್ಚು ತೆಗೆದು ಬಣ್ಣಬಣ್ಣದ ಮೆದುಳಿನ ಚಿತ್ರವಿರುವ ವರದಿ ಕೊಟ್ಟಿದ್ದಾರೆ. ಅವಳು ‘ಬಲ ಮೆದುಳಿನ ಮಗು’, ಗಣಿತ ಕಷ್ಟ, ಚಿತ್ರಕಲೆ ಸಂಗೀತಕ್ಕೆ ಸೂಕ್ತ ಎಂದು ಅದರಲ್ಲಿದೆ. ಮನುಷ್ಯ ಮೆದುಳಿನ ಶೇಕಡ 10ರಷ್ಟನ್ನು ಮಾತ್ರ ಬಳಸುತ್ತಾನಂತೆ. ಉಳಿದದ್ದು ತೆರೆಯಲು ಎರಡನೇ ಹಂತಕ್ಕೆ 18 ಸಾವಿರ ರೂಪಾಯಿ ಕೇಳುತ್ತಿದ್ದಾರೆ. ನಮ್ಮ ಯಜಮಾನರು ಸಾಲ ಮಾಡಿಯಾದರೂ ಕಟ್ಟೋಣ ಎನ್ನುತ್ತಾರೆ. ಇದರಲ್ಲಿ ನಿಜ ಎಷ್ಟು?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ದುಡ್ಡು ಕಟ್ಟಬೇಡಿ. ಸಾಲವನ್ನಂತೂ ಮಾಡಲೇಬೇಡಿ. ನೀವು ಗಮನಿಸಿದ್ದು ಸರಿಯಾಗಿಯೇ ಇದೆ, ತಲೆ ಹಿಂದಕ್ಕೆ ವಾಲುವುದರಲ್ಲೇ ಇಡೀ ಗುಟ್ಟಿದೆ. ಆದರೆ ಮಗಳ ಮೇಲೆ ಸಿಟ್ಟಾಗಬೇಡಿ. ಅವಳದು ತಪ್ಪಿಲ್ಲ. ಅದಕ್ಕೆ ಕೊನೆಗೆ ಬರುತ್ತೇನೆ.

ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಅದೇ ಪಟ್ಟಿಯನ್ನು ನೀವೇ ಕಟ್ಟಿಕೊಂಡು ನೋಡಿ. ಎಷ್ಟು ಬಿಗಿಯಾಗಿ ಕಟ್ಟಿದರೂ ಮೂಗಿನ ಎರಡೂ ಪಕ್ಕದಲ್ಲಿ, ಮೂಗು ಕೆನ್ನೆ ಸೇರುವ ಕಡೆ, ಒಂದು ಸಣ್ಣ ಸಂದಿ ಉಳಿಯುತ್ತದೆ. ಮುಖ ಚಪ್ಪಟೆಯಲ್ಲ ಅಲ್ವಾ, ಬಟ್ಟೆ ಪೂರ್ತಿ ಕೂರುವುದಿಲ್ಲ. ಕಣ್ಣುಗುಡ್ಡೆಯನ್ನು ಕೆಳಕ್ಕೆ ಹೊರಳಿಸಿ. ಸೀರೆಯ ಅಂಚು ಕಾಣುತ್ತದೆ, ಕೈಬಳೆ ಕಾಣುತ್ತದೆ. ಮಡಿಲಲ್ಲಿ ಪತ್ರಿಕೆ ಇಟ್ಟುಕೊಂಡು ಗದ್ದವನ್ನು ಒಂದಿಷ್ಟು ಮೇಲೆತ್ತಿ, ಪತ್ರಿಕೆಯನ್ನು ನಿಧಾನವಾಗಿ ಸರಿಸಿ. ಒಂದೊಂದೇ ಸಾಲು ಓದಬಹುದು. ಮೊದಲು ಅಕ್ಷರ ತಪ್ಪುತ್ತದೆ, ಹತ್ತು ನಿಮಿಷದಲ್ಲಿ ರೂಢಿಯಾಗುತ್ತದೆ. ಮಕ್ಕಳಿಗೆ ಇನ್ನೂ ಬೇಗ.

ಇದು ಹೊಸ ವಿದ್ಯೆ ಏನಲ್ಲ. 1960ರ ದಶಕದಲ್ಲಿ ಸೋವಿಯತ್ ರಷ್ಯಾದ ರೋಸಾ ಕುಲೆಶೋವಾ ಎಂಬ ಹೆಂಗಸು ಕಣ್ಣು ಕಟ್ಟಿಸಿಕೊಂಡು ಬೆರಳ ತುದಿಯಿಂದ ಓದುತ್ತೇನೆ ಎಂದಾಗ ದೊಡ್ಡ ಸುದ್ದಿಯಾಗಿತ್ತು. ವಿಜ್ಞಾನಿಗಳೂ ಕೆಲವರು ನಂಬಿದರು. 1966ರಲ್ಲಿ ಅಮೆರಿಕದ ಲೇಖಕ ಮಾರ್ಟಿನ್ ಗಾರ್ಡ್ನರ್ ‘ಸೈನ್ಸ್’ ಪತ್ರಿಕೆಯಲ್ಲಿ ಇದರ ಬಗ್ಗೆ ವಿವರವಾಗಿ ಬರೆದರು. ಅವರಿಗೆ ಜಾದೂ ವಿದ್ಯೆಯ ಒಳಗುಟ್ಟು ಚೆನ್ನಾಗಿ ಗೊತ್ತಿತ್ತು. ಕಣ್ಣಿಗೆ ಏನೇ ಕಟ್ಟಿ, ಮೂಗಿನ ಪಕ್ಕದಿಂದ ಇಣುಕಲು ದಾರಿ ಸಿಕ್ಕೇ ಸಿಗುತ್ತದೆ, ಪರೀಕ್ಷೆ ಮಾಡುವುದಾದರೆ ತಲೆಗೇ ಪೆಟ್ಟಿಗೆ ತೊಡಿಸಬೇಕು ಎಂದರು. ನಮ್ಮಲ್ಲಿ ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ಈ ಮಿಡ್‌ಬ್ರೇನ್ ಪ್ರದರ್ಶನಗಳನ್ನು ಬಹಿರಂಗ ಪರೀಕ್ಷೆಗೆ ಕರೆಯುತ್ತಲೇ ಬಂದಿದ್ದಾರೆ. ಇಣುಕಲು ಸಂದಿಯೇ ಇಲ್ಲದಂತೆ ಕಣ್ಣು ಮುಚ್ಚಿದಾಗ ಈ ಶಕ್ತಿ ನಿಂತುಹೋಗುತ್ತದೆ.

ನಿಮ್ಮ ಯಜಮಾನರಿಗೆ ಒಂದೇ ಒಂದು ಪ್ರಶ್ನೆ ಕೇಳಿ. ಮಗು ಕಣ್ಣಿನಿಂದ ನೋಡುತ್ತಿಲ್ಲ ಎಂದಮೇಲೆ ಓದಲು ಬೆಳಕು ಯಾಕೆ ಬೇಕು? ಲೈಟ್ ಆರಿಸಿದ ಕೋಣೆಯಲ್ಲೂ ಓದಬೇಕು. ಪುಸ್ತಕವನ್ನು ಹಣೆಗಿಂತ ಮೇಲೆ ಹಿಡಿದರೂ ಓದಬೇಕು. ಗದ್ದದ ಕೆಳಗೆ ಒಂದು ರಟ್ಟು ಅಡ್ಡ ಹಿಡಿದರೂ ಓದಬೇಕು. ಈ ಮೂರರಲ್ಲಿ ಒಂದೂ ಆಗುವುದಿಲ್ಲ. ಇನ್ನೊಂದು ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಕಣ್ಣಿಲ್ಲದೆ ಓದಿಸುವ ವಿದ್ಯೆ ನಿಜಕ್ಕೂ ಇದ್ದಿದ್ದರೆ ಅದು ಮೊದಲು ಹೋಗಬೇಕಾದದ್ದು ಅಂಧ ಮಕ್ಕಳ ಶಾಲೆಗೆ. ಅಲ್ಲಿ ಮಕ್ಕಳು ಬ್ರೈಲ್ ಚುಕ್ಕಿಗಳನ್ನು ಬೆರಳಿನಿಂದ ತಡವಿ, ವರ್ಷಗಟ್ಟಲೆ ಕಷ್ಟಪಟ್ಟು ಓದು ಕಲಿಯುತ್ತಾರೆ. ಆ ಮಕ್ಕಳ ಹತ್ತಿರ ಈ ಶಿಬಿರದವರು ಯಾಕೆ ಹೋಗುವುದಿಲ್ಲ? ಕಣ್ಣು ಚೆನ್ನಾಗಿರುವ ಮಕ್ಕಳ ಹತ್ತಿರವೇ ಯಾಕೆ ಬರುತ್ತಾರೆ?

ಇನ್ನು ಮಿಡ್‌ಬ್ರೇನ್. ಕನ್ನಡದಲ್ಲಿ ನಡುಮೆದುಳು ಅನ್ನೋಣ. ಇದು ಮೆದುಳಿನ ಬುಡದಲ್ಲಿ, ಮೆದುಳುಕಾಂಡದ ಮೇಲ್ತುದಿಯಲ್ಲಿದೆ. ಉದ್ದ ಸುಮಾರು 2 ಸೆಂಟಿಮೀಟರ್, ಹೆಬ್ಬೆರಳಿನ ತುದಿಯ ಗೆಣ್ಣಿಗಿಂತ ಚಿಕ್ಕದು. ಕಣ್ಣುಗುಡ್ಡೆ ತಿರುಗಿಸುವುದು, ಸದ್ದು ಬಂದ ಕಡೆ ತಲೆ ಹೊರಳಿಸುವುದು, ಎಚ್ಚರವಾಗಿರುವುದು, ನಡೆಯುವಾಗ ಕೈಕಾಲಿನ ಹಿಡಿತ, ಇವೆಲ್ಲಕ್ಕೂ ಇದು ಬೇಕು. ನರಕೋಶಗಳ ನಡುವೆ ಸುದ್ದಿ ಒಯ್ಯುವ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಕೋಶಗಳಲ್ಲಿ ಹೆಚ್ಚಿನವು ಇಲ್ಲಿಯೇ ಇವೆ. ನಡುಮೆದುಳನ್ನು ಅಡ್ಡಕ್ಕೆ ಕೊಯ್ದರೆ ಎರಡು ಕಡೆಯೂ ಈ ಕೋಶಗಳ ಕಪ್ಪು ಗೆರೆಯೊಂದು ಬರಿಗಣ್ಣಿಗೇ ಕಾಣುತ್ತದೆ. ಪಾರ್ಕಿನ್ಸನ್ ಕಾಯಿಲೆಯವರಲ್ಲಿ ಆ ಕೋಶಗಳು ಸತ್ತು ಗೆರೆ ಮಾಸಿಹೋಗಿರುತ್ತದೆ. ಒಂದು ಗೆರೆ ಮಾಸಿದ್ದಕ್ಕೆ ಕೈ ನಡುಗುತ್ತದೆ, ಹೆಜ್ಜೆ ತಡವರಿಸುತ್ತದೆ. ಅಂಥ ಅಂಗ ಅದು.

ಅದು ನಿಮ್ಮ ಮಗಳಲ್ಲಿ ‘ಆಕ್ಟಿವೇಟ್’ ಆಗಿದೆಯೇ ಎಂದು ನೀವೇ ನೋಡಬಹುದು, ಖರ್ಚಿಲ್ಲ. ಅವಳನ್ನು ಹಗಲಿನಲ್ಲಿ ಕಿಟಕಿ ಪಕ್ಕ ಕೂರಿಸಿ. ಎರಡೂ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಳ್ಳಲಿ. ನೀವು ಹತ್ತು ಎಣಿಸಿ. ಕೈ ತೆಗೆದ ತಕ್ಷಣ ಕಣ್ಣಿನ ನಡುವಿನ ಕಪ್ಪು ಪಾಪೆಯನ್ನು ನೋಡಿ. ನಮ್ಮವರ ಕಣ್ಣು ಕಡುಕಂದು, ಹಾಗಾಗಿ ಸ್ವಲ್ಪ ಹತ್ತಿರದಿಂದ ನೋಡಬೇಕು. ಅಗಲವಾಗಿದ್ದ ಪಾಪೆ ಕ್ಷಣದಲ್ಲಿ ಕುಗ್ಗುತ್ತದೆ. ಈಗ ಒಂದೇ ಕಣ್ಣನ್ನು ಮುಚ್ಚಿ ತೆಗೆಯಲು ಹೇಳಿ, ನೀವು ಇನ್ನೊಂದು ಕಣ್ಣನ್ನು ನೋಡಿ. ಮುಚ್ಚದೇ ಇದ್ದ ಆ ಕಣ್ಣಿನ ಪಾಪೆಯೂ ಸಣ್ಣಗೆ ಅಲುಗುತ್ತದೆ. ಒಂದು ಕಣ್ಣಿಗೆ ಬಿದ್ದ ಬೆಳಕಿನ ಸುದ್ದಿ ನಡುಮೆದುಳಿಗೆ ಹೋಗಿ, ಅಲ್ಲಿಂದ ಎರಡೂ ಕಣ್ಣಿಗೆ ಅಪ್ಪಣೆ ಬರುತ್ತದೆ. ಅವಳ ನಡುಮೆದುಳು ಹುಟ್ಟಿದ ದಿನದಿಂದ ಈ ಕೆಲಸ ಮಾಡುತ್ತಲೇ ಇದೆ. ತುರ್ತು ಘಟಕದಲ್ಲಿ ಪ್ರಜ್ಞೆ ತಪ್ಪಿದವರ ಕಣ್ಣಿಗೆ ಡಾಕ್ಟರು ಟಾರ್ಚ್ ಬಿಟ್ಟು ನೋಡುವುದು ಇದೇ ಕಾರಣಕ್ಕೆ. ನಡುಮೆದುಳು ನಿಜಕ್ಕೂ ಮಲಗಿಬಿಟ್ಟ ಮಗು ಶಿಬಿರಕ್ಕೆ ನಡೆದುಕೊಂಡು ಬರುವುದಿಲ್ಲ. ಐಸಿಯುನಲ್ಲಿರುತ್ತದೆ.

ಬೆರಳಚ್ಚಿನ ವರದಿಗೆ ಬರೋಣ. ಬೆರಳ ಗೆರೆ ನೋಡಿ ಬುದ್ಧಿಯ ಬಗೆ ಹೇಳುತ್ತೇವೆ ಎನ್ನುವ ಈ ಪರೀಕ್ಷೆ ಡಿಎಂಐಟಿ ಎಂಬ ಹೆಸರಿನಲ್ಲಿ ಊರೂರಿಗೂ ಬಂದಿದೆ. ಇಂಥ ಮಾತುಗಳಿಗೆಲ್ಲ ಒಂದು ರೀತಿ ಇದೆ: ಬೀಜದಷ್ಟು ನಿಜ ಇರುತ್ತದೆ, ಅದರ ಸುತ್ತ ಮರದಷ್ಟು ಕಥೆ ಬೆಳೆಸುತ್ತಾರೆ. ಇಲ್ಲಿಯ ಬೀಜ ಏನೆಂದರೆ, ಬೆರಳ ಗೆರೆಗಳು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಮೂಡುತ್ತವೆ, ಮೆದುಳೂ ಅದೇ ತಿಂಗಳುಗಳಲ್ಲಿ ಬೆಳೆಯುತ್ತಿರುತ್ತದೆ. ಅಮೆರಿಕದ ಹೆರಾಲ್ಡ್ ಕಮಿನ್ಸ್ ಎಂಬ ಅಂಗರಚನಾ ತಜ್ಞರು 1926ರಲ್ಲೇ ಈ ಗೆರೆಗಳ ಅಧ್ಯಯನಕ್ಕೆ ‘ಡರ್ಮಟೋಗ್ಲಿಫಿಕ್ಸ್’ ಎಂದು ಹೆಸರಿಟ್ಟರು. ಡೌನ್ ಸಿಂಡ್ರೋಮ್ ಇರುವ ಮಕ್ಕಳ ಅಂಗೈ, ಬೆರಳಿನ ಗೆರೆಗಳಲ್ಲಿ ಕೆಲವು ವ್ಯತ್ಯಾಸ ಜಾಸ್ತಿ ಕಾಣುತ್ತವೆ ಎಂದು ತೋರಿಸಿದವರೂ ಅವರೇ. ಅಷ್ಟು ಗಟ್ಟಿಯಾದ ವಿಜ್ಞಾನ. ಅಲ್ಲಿಂದ ‘ನಿಮ್ಮ ಮಗಳಿಗೆ ಗಣಿತ ಶೇಕಡ ಇಷ್ಟು, ಸಂಗೀತ ಶೇಕಡ ಅಷ್ಟು’ ಎನ್ನುವುದಕ್ಕೆ ಯಾವ ಸೇತುವೆಯೂ ಇಲ್ಲ. ಹೊಟ್ಟೆಯಲ್ಲಿ ಅದೇ ತಿಂಗಳಲ್ಲಿ ಮೂತ್ರಪಿಂಡವೂ ಬೆಳೆಯುತ್ತದೆ. ಹಾಗಂತ ಬೆರಳು ನೋಡಿ ಮೂತ್ರಪಿಂಡದ ಬಗ್ಗೆ ಯಾರೂ ಹೇಳುವುದಿಲ್ಲ. ಬುದ್ಧಿ ಒಂದೇ ಬಗೆಯದಲ್ಲ, ಹಲವು ಬಗೆಯದು ಎನ್ನುವ ಬಹುಮುಖ ಬುದ್ಧಿಯ ಸಿದ್ಧಾಂತವನ್ನು 1983ರಲ್ಲಿ ಮುಂದಿಟ್ಟ ಹೋವರ್ಡ್ ಗಾರ್ಡ್ನರ್ ಅವರ ಹೆಸರನ್ನು ಈ ವರದಿಗಳು ಬಳಸಿಕೊಳ್ಳುತ್ತವೆ. ಆ ಸಿದ್ಧಾಂತದಲ್ಲಿ ಬೆರಳಚ್ಚಿನ ಮಾತೇ ಇಲ್ಲ. ಭಾರತೀಯ ಮನೋವೈದ್ಯರ ಸಂಘ ಈ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ ಎಂದು ಬಹಿರಂಗವಾಗಿಯೇ ಹೇಳಿದೆ.

‘ಆದರೆ ವರದಿಯಲ್ಲಿ ಬರೆದದ್ದು ನನ್ನ ಮಗಳಿಗೆ ಸರಿಯಾಗಿ ಹೊಂದುತ್ತದಲ್ಲ’ ಎಂದು ನಿಮಗೆ ಅನಿಸಿರಬಹುದು. ಬಹಳ ಅಪ್ಪ ಅಮ್ಮಂದಿರು ನನಗೆ ಹೀಗೇ ಹೇಳಿದ್ದಾರೆ. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಮಾಡಿ, ಒಂದು ವಾರದ ನಂತರ ಒಬ್ಬೊಬ್ಬರಿಗೂ ಅವರವರ ಹೆಸರು ಬರೆದ ವರದಿ ಕೊಟ್ಟರು. ಎಷ್ಟು ಸರಿಯಾಗಿದೆ ಎಂದು 5ಕ್ಕೆ ಅಂಕ ಹಾಕಿ ಎಂದರು. ಸರಾಸರಿ 4.26 ಬಂತು. ಆಮೇಲೆ ನೋಡಿದರೆ ಎಲ್ಲರಿಗೂ ಕೊಟ್ಟಿದ್ದು ಒಂದೇ ವರದಿ. ಸಾಲುಗಳನ್ನು ಅವರು ಹೆಚ್ಚಾಗಿ ಎತ್ತಿಕೊಂಡಿದ್ದು ರಸ್ತೆ ಬದಿಯ ಅಂಗಡಿಯಲ್ಲಿ ಕೊಂಡ ಜ್ಯೋತಿಷ್ಯದ ಪುಸ್ತಕದಿಂದ. ‘ಇವಳು ಸೂಕ್ಷ್ಮ ಸ್ವಭಾವದವಳು, ಪ್ರೋತ್ಸಾಹ ಸಿಕ್ಕರೆ ಚೆನ್ನಾಗಿ ಮಾಡುತ್ತಾಳೆ, ಇಷ್ಟವಿಲ್ಲದ ವಿಷಯದಲ್ಲಿ ಗಮನ ಕಡಿಮೆ’ ಎಂದು ಬರೆದರೆ ಅದು ನಿಮ್ಮ ಮಗಳಿಗೂ ಹೊಂದುತ್ತದೆ, ಪಕ್ಕದ ಮನೆಯ ಮಗುವಿಗೂ ಹೊಂದುತ್ತದೆ. ನಿಮ್ಮ ವರದಿಯನ್ನು ಹೆಸರು ಮುಚ್ಚಿ ಪರಿಚಯದ ನಾಲ್ಕು ಮನೆಯವರಿಗೆ ಓದಿಸಿ ನೋಡಿ.

ನನಗೆ ನಿಜವಾಗಿ ಸಂಕಟವಾಗಿದ್ದು ‘ಬಲ ಮೆದುಳಿನ ಮಗು, ಗಣಿತ ಕಷ್ಟ’ ಎಂಬ ಸಾಲಿಗೆ. ಪಟ್ಟಿ ಕಟ್ಟಿಕೊಂಡು ಓದುವ ಆಟವನ್ನು ಮಗು ಆರು ತಿಂಗಳಲ್ಲಿ ಮರೆಯುತ್ತದೆ. ಈ ಸಾಲನ್ನು ಮರೆಯುವುದಿಲ್ಲ. ಮುಂದೆ ಭಿನ್ನರಾಶಿ ತಪ್ಪಾದಾಗಲೆಲ್ಲ ‘ನನ್ನ ಮೆದುಳೇ ಹೀಗೆ’ ಎಂದುಕೊಳ್ಳುತ್ತದೆ. ಹಾಗಾಗಿ ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಇದರಲ್ಲೂ ಬೀಜದಷ್ಟು ನಿಜವಿದೆ. ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ 1861ರಲ್ಲಿ ಒಬ್ಬ ರೋಗಿಯನ್ನು ನೋಡಿದರು. ಹೇಳಿದ್ದು ಅವನಿಗೆ ಅರ್ಥವಾಗುತ್ತಿತ್ತು, ಆದರೆ ಬಾಯಿಂದ ಬರುತ್ತಿದ್ದುದು ‘ಟಾನ್’ ಎಂಬ ಒಂದೇ ಸದ್ದು. ಅವನು ತೀರಿಕೊಂಡ ಮೇಲೆ ಮೆದುಳು ನೋಡಿದರೆ ಎಡಭಾಗದ ಮುಂದಿನ ಒಂದು ಜಾಗ ಹಾಳಾಗಿತ್ತು. ಬಲಗೈ ಬಳಸುವವರಲ್ಲಿ ಬಹುಮಟ್ಟಿಗೆ ಎಲ್ಲರಿಗೂ ಮಾತಿನ ಮುಖ್ಯ ಕೆಲಸ ಎಡಭಾಗದಲ್ಲೇ ನಡೆಯುತ್ತದೆ. ನೂರು ವರ್ಷದ ನಂತರ ರೋಜರ್ ಸ್ಪೆರ್ರಿ, ಮೈಕೆಲ್ ಗಜಾನಿಗಾ ಇನ್ನೊಂದು ದೊಡ್ಡ ಕೆಲಸ ಮಾಡಿದರು. ಮೆದುಳಿನ ಎರಡು ಅರ್ಧಗಳ ನಡುವೆ ಸುಮಾರು 20 ಕೋಟಿ ನರತಂತುಗಳ ಸೇತುವೆಯಿದೆ. ತೀವ್ರವಾದ ಮೂರ್ಛೆರೋಗ ತಡೆಯಲು ಕೆಲವು ರೋಗಿಗಳಿಗೆ ಆ ಸೇತುವೆಯನ್ನೇ ಕತ್ತರಿಸಿದ್ದರು. ಅಂಥವರ ಎಡ ಅರ್ಧ ಕಂಡದ್ದನ್ನು ಬಾಯಿ ಹೇಳುತ್ತಿತ್ತು. ಬಲ ಅರ್ಧ ಕಂಡದ್ದನ್ನು ಬಾಯಿ ಹೇಳಲಾರದು, ಆದರೆ ಎಡಗೈ ಅದನ್ನೇ ಆರಿಸಿ ಎತ್ತಿಕೊಡುತ್ತಿತ್ತು. ನಾನು ವಿದ್ಯಾರ್ಥಿಯಾಗಿದ್ದಾಗ ಇದನ್ನು ಓದಿ ರಾತ್ರಿ ನಿದ್ದೆ ಮಾಡಿರಲಿಲ್ಲ. ಸ್ಪೆರ್ರಿಯವರಿಗೆ 1981ರಲ್ಲಿ ನೊಬೆಲ್ ಬಂತು.

ಆದರೆ ನೆನಪಿಡಿ, ಇದೆಲ್ಲ ಕಂಡದ್ದು ಸೇತುವೆ ಕತ್ತರಿಸಿದವರಲ್ಲಿ. ನಿಮ್ಮ ಮಗಳ ಸೇತುವೆ ಗಟ್ಟಿಯಾಗಿದೆ, ಅದರ ಮೇಲೆ ಹಗಲೂ ರಾತ್ರಿ ಸಂಚಾರ ನಡೆಯುತ್ತಲೇ ಇದೆ. ಅವಳು 47ಕ್ಕೆ 38 ಕೂಡುವಾಗಲೂ ಎರಡೂ ಕಡೆ ಕೆಲಸ ಮಾಡುತ್ತವೆ. ನವಿಲಿನ ಚಿತ್ರ ಬರೆಯುವಾಗಲೂ ಎರಡೂ ಕಡೆ ಕೆಲಸ ಮಾಡುತ್ತವೆ. 2013ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 7ರಿಂದ 29 ವರ್ಷದ 1,011 ಜನರ ಮೆದುಳಿನ ಸ್ಕ್ಯಾನ್‌ಗಳನ್ನು ಜಾಲಾಡಿದರು. ಒಂದೊಂದು ಕೆಲಸ ಒಂದೊಂದು ಕಡೆಗೆ ವಾಲಿರುವುದು ಕಂಡಿತು. ಆದರೆ ಇಡೀ ಮನುಷ್ಯನೇ ಎಡ ಮೆದುಳಿನವನು ಅಥವಾ ಬಲ ಮೆದುಳಿನವನು ಎಂಬ ಗುಂಪುಗಳು ಸಿಗಲಿಲ್ಲ. ಅಂಥ ಮಕ್ಕಳೂ ಇಲ್ಲ, ಅಂಥ ದೊಡ್ಡವರೂ ಇಲ್ಲ. ಆ ಪುಟವನ್ನು ವರದಿಯಿಂದ ಹರಿದುಹಾಕಿ ಎಂದೇ ನನ್ನ ಸಲಹೆ. ಅವಳ ಕೈಗೆ ಸಿಗಬಾರದು.

ಬಣ್ಣಬಣ್ಣದ ಮೆದುಳಿನ ಚಿತ್ರ ಇದೆ ಎಂದಿದ್ದೀರಿ. ಬೆರಳಚ್ಚಿನಿಂದ ಮೆದುಳಿನ ಚಿತ್ರ ಬರುವುದಿಲ್ಲ, ಅದು ಎಲ್ಲ ವರದಿಗೂ ಅಂಟಿಸುವ ಅಲಂಕಾರ. ಅಸಲಿ ಸ್ಕ್ಯಾನ್ ಚಿತ್ರವನ್ನೂ ಕಣ್ಣುಮುಚ್ಚಿ ನಂಬಬಾರದು ಎಂದು ಮೆದುಳಿನ ಅಧ್ಯಯನ ಮಾಡುವ ನಮ್ಮ ಕ್ಷೇತ್ರದವರೇ ತೋರಿಸಿಕೊಟ್ಟಿದ್ದಾರೆ. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಒಂದು ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿ, ಅದಕ್ಕೆ ಮನುಷ್ಯರ ಫೋಟೋ ತೋರಿಸಿ, ಈ ವ್ಯಕ್ತಿಗೆ ಯಾವ ಭಾವನೆ ಇದೆ ಎಂದು ಕೇಳಿದರು. ಲೆಕ್ಕಾಚಾರವನ್ನು ಅಜಾಗರೂಕತೆಯಿಂದ ಮಾಡಿದರೆ ಸತ್ತ ಮೀನಿನ ಮೆದುಳಿನಲ್ಲೂ, ಇಲ್ಲಿ ಕೆಲಸ ನಡೆಯುತ್ತಿದೆ ಎಂದು ತೋರಿಸುವ ಕೆಂಪು ಚುಕ್ಕೆ ‘ಬೆಳಗಿತು’. ಸಾವಿರಾರು ಜಾಗಗಳನ್ನು ಒಟ್ಟಿಗೆ ಪರೀಕ್ಷಿಸಿದರೆ ಒಂದೆರಡು ಕಡೆ ಆಕಸ್ಮಿಕವಾಗಿ ಏನಾದರೂ ಕಂಡೇ ಕಾಣುತ್ತದೆ, ಅದನ್ನು ಲೆಕ್ಕದಲ್ಲಿ ತಿದ್ದಿಕೊಳ್ಳಬೇಕು ಎಂದು ಹೇಳಲು ಅವರು ಹಾಗೆ ಮಾಡಿದ್ದು. ನನ್ನ ವಿದ್ಯಾರ್ಥಿಗಳಿಗೆ ಮೊದಲ ವಾರವೇ ನಾನು ಇದನ್ನು ಹೇಳುತ್ತೇನೆ.

ಶೇಕಡ 10ರ ಮಾತು ಬೇಗ ಮುಗಿಯುತ್ತದೆ. ಮೆದುಳು ದೇಹದ ತೂಕದಲ್ಲಿ ಬರೀ ಶೇಕಡ 2ರಷ್ಟು. ಆದರೆ ಸುಮ್ನೆ ಕೂತಿದ್ದಾಗಲೂ ದೇಹದ ಶಕ್ತಿಯಲ್ಲಿ ಸುಮಾರು ಶೇಕಡ 20ರಷ್ಟನ್ನು ಅದೇ ತಿನ್ನುತ್ತದೆ. ಒಂಬತ್ತು ಪಾಲು ಕೆಲಸವಿಲ್ಲದೆ ಕೂತ ಅಂಗಕ್ಕೆ ದೇಹ ಇಷ್ಟು ಊಟ ಹಾಕುವುದಿಲ್ಲ. ಪಾರ್ಶ್ವವಾಯು ಆದವರು ನಿಮ್ಮ ನೆಂಟರಲ್ಲಿ ಯಾರಾದರೂ ಇರಬಹುದು. ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡರೆ ಸಾಕು, ಮಾತು ಹೋಗುತ್ತದೆ, ಕೈ ಬೀಳುತ್ತದೆ. ಮೆದುಳಿನಲ್ಲಿ ಖಾಲಿ ಜಾಗ ಅಷ್ಟೊಂದು ಇದ್ದಿದ್ದರೆ ಹೆಚ್ಚಿನ ಪಾರ್ಶ್ವವಾಯುಗಳು ಯಾರಿಗೂ ಗೊತ್ತಾಗದೇ ಹೋಗುತ್ತಿದ್ದವು. ಬ್ರೆಜಿಲ್‌ನ ಸುಜಾನಾ ಹರ್ಕುಲಾನೊ ಹೂಜೆಲ್ ಮತ್ತು ಸಂಗಡಿಗರು 2009ರಲ್ಲಿ ಲೆಕ್ಕ ಹಾಕಿದಂತೆ ನಮ್ಮ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವೆಲ್ಲ ಒಂದೇ ಕ್ಷಣ ಒಟ್ಟಿಗೆ ಕೂಗುವುದಿಲ್ಲ, ಹಾಗೆ ಕೂಗಿದರೆ ಅದು ಫಿಟ್ಸ್. ಆದರೆ ದಿನದಲ್ಲಿ ಒಂದಲ್ಲ ಒಂದು ಹೊತ್ತಿನಲ್ಲಿ ಪ್ರತಿ ಭಾಗಕ್ಕೂ ಕೆಲಸವಿದೆ.

ಅವಕಾಶವಾದರೆ ಒಮ್ಮೆ ಬೆಂಗಳೂರಿಗೆ ಬಂದಾಗ ನಿಮ್ಹಾನ್ಸ್‌ನಲ್ಲಿರುವ ಮೆದುಳಿನ ಸಂಗ್ರಹಾಲಯಕ್ಕೆ ಮಗಳನ್ನು ಕರೆತನ್ನಿ. ಸಾರ್ವಜನಿಕರಿಗೆ ಯಾವ ದಿನ ತೆರೆದಿರುತ್ತದೆ ಎಂದು ಮೊದಲೇ ವಿಚಾರಿಸಿಕೊಳ್ಳಿ. ಅಸಲಿ ಮೆದುಳುಗಳು ಅಲ್ಲಿವೆ. ನಾನು ಮೊದಲ ಸಲ ಮೆದುಳನ್ನು ಕೈಯಲ್ಲಿ ಹಿಡಿದಾಗ ಎರಡು ವಿಷಯಕ್ಕೆ ಬೆರಗಾಗಿದ್ದೆ. ಒಂದು, ಅದರ ತೂಕ, ಒಂದೂಕಾಲು ಕಿಲೋ ದಾಟುತ್ತದೆ, ಎರಡೂ ಅಂಗೈ ಬೇಕು. ಇನ್ನೊಂದು, ಮದ್ದಿನಲ್ಲಿ ಇಡುವ ಮೊದಲು ಅದು ಎಷ್ಟು ಮೆತ್ತಗಿರುತ್ತದೆ ಎನ್ನುವುದು. ಹೆಚ್ಚುಕಡಿಮೆ ಗಿಣ್ಣಿನಷ್ಟು ಮೆತ್ತಗೆ. ಬೆರಳು ಒತ್ತಿದರೆ ಗುರುತು ಬೀಳುತ್ತದೆ. ಅದನ್ನು ನೋಡಿದ ಮಗು ಹೆಲ್ಮೆಟ್ ಬೇಡ ಎನ್ನುವುದಿಲ್ಲ.

ಈ ಶಿಬಿರದವರು ಮುಂದೆ, ಕೇಳಿದರೆ ಬುದ್ಧಿ ಹೆಚ್ಚುತ್ತದೆ ಎಂದು ಯುರೋಪಿನ ಸಂಗೀತಗಾರ ಮೊಜಾರ್ಟ್‌ನ ಸಂಗೀತದ ಸಿಡಿ ಕೊಳ್ಳಿ ಎನ್ನಬಹುದು. 1993ರಲ್ಲಿ 36 ಕಾಲೇಜು ವಿದ್ಯಾರ್ಥಿಗಳು ಹತ್ತು ನಿಮಿಷ ಮೊಜಾರ್ಟ್ ಕೇಳಿದ ಮೇಲೆ ಕಾಗದ ಮಡಚುವಂಥ ಒಂದು ಲೆಕ್ಕವನ್ನು ಸ್ವಲ್ಪ ಚೆನ್ನಾಗಿ ಮಾಡಿದರು. ಪರಿಣಾಮ ಹತ್ತು ಹದಿನೈದು ನಿಮಿಷ ಮಾತ್ರ ಇತ್ತು. ಅದರಲ್ಲಿ ಮಕ್ಕಳು ಯಾರೂ ಇರಲಿಲ್ಲ. ಅಷ್ಟಕ್ಕೇ 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಪ್ರತಿ ನವಜಾತ ಶಿಶುವಿನ ಮನೆಗೂ ಸಿಡಿ ಕಳಿಸಲು 1,05,000 ಡಾಲರ್ ಕೇಳಿದರು. ಆಮೇಲೆ ಬೇರೆಯವರು ಮಾಡಿದ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ, ಇಷ್ಟವಾದ ಏನನ್ನಾದರೂ ಕೇಳಿ ಮನಸ್ಸು ಲವಲವಿಕೆಯಾಗುವುದಕ್ಕಿಂತ ಹೆಚ್ಚಿನದು ಏನೂ ಉಳಿಯಲಿಲ್ಲ. ಸಂಗೀತ ಕಲಿಸಿ, ಖಂಡಿತ ಕಲಿಸಿ. ಸಂಗೀತಕ್ಕಾಗಿ ಕಲಿಸಿ.

ಮಣಿ ಸರಿಸಿ ಲೆಕ್ಕ ಮಾಡುವ ಅಬಾಕಸ್ ಬಗ್ಗೆ ನೀವು ಕೇಳಿಲ್ಲ, ಆದರೆ ಮುಂದಿನ ಕರೆ ಅಲ್ಲಿಂದ ಬರಬಹುದು. ಇದನ್ನು ಮಿಡ್‌ಬ್ರೇನ್ ಜೊತೆ ಒಂದೇ ತಕ್ಕಡಿಗೆ ಹಾಕುವುದು ನ್ಯಾಯವಲ್ಲ. ಗುಜರಾತಿನ ವಡೋದರಾದಲ್ಲಿ 204 ಶಾಲಾ ಮಕ್ಕಳನ್ನು ಮೂರು ವರ್ಷ ಹಿಂಬಾಲಿಸಿ ಒಂದು ಒಳ್ಳೆಯ ಪ್ರಯೋಗ ಮಾಡಿದ್ದಾರೆ, 2016ರಲ್ಲಿ ಪ್ರಕಟವಾಯಿತು. ಚೀಟಿ ಎತ್ತಿದ ಹಾಗೆ ಮಕ್ಕಳನ್ನು ಗುಂಪು ಮಾಡಿ, ಕೆಲವರಿಗೆ ಅಬಾಕಸ್, ಕೆಲವರಿಗೆ ಅಷ್ಟೇ ಹೊತ್ತು ಮಾಮೂಲಿ ಗಣಿತ ಹೇಳಿಕೊಟ್ಟರು. ಅಬಾಕಸ್ ಮಕ್ಕಳು ಕೂಡುವುದು ಕಳೆಯುವುದರಲ್ಲಿ ಮುಂದಾದರು. ಆದರೆ ನೆನಪಿನ ಶಕ್ತಿ, ಗಮನ, ಒಟ್ಟಾರೆ ಬುದ್ಧಿ ಇವು ಅದರಿಂದ ಬದಲಾಗಲಿಲ್ಲ. ಲೆಕ್ಕ ಚುರುಕಾಗಲಿ ಎಂದು ಕಳಿಸುವುದಾದರೆ ಕಳಿಸಿ. ‘ಇಡೀ ಮೆದುಳಿನ ವಿಕಾಸ’ ಎಂದು ಬೋರ್ಡಿನಲ್ಲಿ ಬರೆದಿದ್ದರೆ ಆ ಮಾತಿಗೆ ದುಡ್ಡು ಕೊಡಬೇಡಿ.

ಈಗ ನಿಮ್ಮ ಮೂಲ ಚಿಂತೆ. ‘ಓದಿದ್ದು ನೆನಪಿರುವುದಿಲ್ಲ.’ ಇದಕ್ಕೆ ನನ್ನ ಹತ್ತಿರ ನಿಜಕ್ಕೂ ಉತ್ತರವಿದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು ಸಂಶೋಧಕರು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಕೆಲವರು ಅದನ್ನು ಎರಡು ಸಲ ಓದಿದರು. ಇನ್ನು ಕೆಲವರು ಒಂದು ಸಲ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದವರೇ ಮುಂದಿದ್ದರು, ಶೇಕಡ 81ಕ್ಕೆ 75. ಒಂದು ವಾರ ಬಿಟ್ಟು ಪರೀಕ್ಷಿಸಿದಾಗ ಅವರು 42ಕ್ಕೆ ಇಳಿದಿದ್ದರು, ಪುಸ್ತಕ ಮುಚ್ಚಿ ಬರೆದವರು 56ರಲ್ಲಿ ನಿಂತಿದ್ದರು. ಮಕ್ಕಳು ಮೋಸಹೋಗುವುದು ಇಲ್ಲಿಯೇ. ಮತ್ತೆ ಮತ್ತೆ ಓದುವಾಗ ಎಲ್ಲ ಗೊತ್ತಿದೆ ಎನಿಸುತ್ತದೆ. ಆ ಪರಿಚಯವನ್ನೇ ನೆನಪು ಎಂದುಕೊಳ್ಳುತ್ತಾರೆ. ನೆನಪು ಗಟ್ಟಿಯಾಗುವುದು ಒಳಗಿನಿಂದ ಎಳೆದು ತೆಗೆಯುವಾಗ.

ಹಾಗಾಗಿ ಹೀಗೆ ಮಾಡಿ. ಸಂಜೆ ನೀವು ಚಪಾತಿ ಲಟ್ಟಿಸುವಾಗ ಅವಳು ಪಕ್ಕದಲ್ಲಿ ಕೂರಲಿ, ಪುಸ್ತಕ ಮುಚ್ಚಿರಲಿ. ‘ಇವತ್ತು ಮಳೆ ಹೇಗೆ ಬರುತ್ತೆ ಅಂತ ಹೇಳಿಕೊಟ್ಟರಂತೆ, ನನಗೂ ಹೇಳು’ ಎನ್ನಿ. ತಡವರಿಸಿದರೆ ತಕ್ಷಣ ಹೇಳಿಕೊಡಬೇಡಿ, ಸ್ವಲ್ಪ ತಡಕಾಡಲಿ, ಆ ತಡಕಾಟವೇ ಬೇಕಾಗಿರುವುದು. ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ನೋಡಲಿ. ಅದನ್ನೇ ನಾಳೆ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ ಕೇಳಿ. ಪ್ರತಿ ಸಲ ಐದು ನಿಮಿಷ ಸಾಕು. ಎರಡು ತಿಂಗಳು ಬಿಡದೆ ಮಾಡಿ.

ನಿದ್ದೆ ಎಷ್ಟು ಮಾಡುತ್ತಾಳೆ ನೋಡಿ. ಈ ವಯಸ್ಸಿಗೆ ರಾತ್ರಿ 9ರಿಂದ 12 ಗಂಟೆ ಬೇಕು. ಹಗಲು ಕಲಿತದ್ದು ನಿದ್ದೆಯಲ್ಲಿ ನೆಲೆಯಾಗುತ್ತದೆ, ಇದು ನಮ್ಮ ಕ್ಷೇತ್ರದ ಗಟ್ಟಿ ತಿಳಿವಳಿಕೆಗಳಲ್ಲಿ ಒಂದು. ಆ 18 ಸಾವಿರದಲ್ಲಿ ಒಂದಿಷ್ಟು ತೆಗೆದು ಕಣ್ಣಿನ ಪರೀಕ್ಷೆ ಮಾಡಿಸಿ. ಕಪ್ಪುಹಲಗೆ ಮಸುಕಾಗಿ ಕಾಣುವ ಮಗು ಅದನ್ನು ಹೇಳುವುದಿಲ್ಲ, ಎಲ್ಲರಿಗೂ ಹಾಗೇ ಕಾಣುತ್ತದೆ ಎಂದುಕೊಂಡಿರುತ್ತದೆ. ಕಿವಿ ತೋರಿಸಿ. ರಕ್ತ ಕಡಿಮೆ ಇದೆಯೇ ನೋಡಿಸಿ, ಕಬ್ಬಿಣದ ಅಂಶ ಕಡಿಮೆಯಾದರೆ ಗಮನ ನಿಲ್ಲುವುದಿಲ್ಲ. ಅಡುಗೆಗೆ ಅಯೋಡಿನ್ ಉಪ್ಪನ್ನೇ ಬಳಸಿ. ಬೆಂಡೆಕಾಯಿ ತಿಂದರೆ ಲೆಕ್ಕ ಬರುತ್ತದೆ ಎಂದು ನನ್ನ ಅಜ್ಜಿಯೂ ಹೇಳುತ್ತಿದ್ದರು. ಪಲ್ಯ ಮಾಡಿಕೊಡಿ, ಒಳ್ಳೆಯ ತರಕಾರಿ. ಒಂದೆಲಗದ ತಂಬುಳಿಯೂ ಒಳ್ಳೆಯದೇ. ಅಂಕಪಟ್ಟಿಯನ್ನು ಅವುಗಳ ಮೇಲೆ ಹೊರಿಸಬೇಡಿ. ಇಷ್ಟೆಲ್ಲ ಮಾಡಿಯೂ ಅಕ್ಷರ ಅದಲುಬದಲಾಗುವುದು, ಓದಲು ವಿಪರೀತ ತಿಣುಕುವುದು ಇದ್ದರೆ ಕಲಿಕೆಯ ತೊಂದರೆ ಇರಬಹುದು. ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಅಥವಾ ನಿಮ್ಹಾನ್ಸ್‌ನ ಮಕ್ಕಳ ವಿಭಾಗದಲ್ಲಿ ಗಂಟೆಗಟ್ಟಲೆ ಕೂತು ಮಾತಾಡಿಸಿ, ಓದಿಸಿ, ಬರೆಸಿ ಪರೀಕ್ಷಿಸುತ್ತಾರೆ. ಬೆರಳಚ್ಚು ತೆಗೆಯುವುದಿಲ್ಲ.

ಇನ್ನು ಮಗಳ ವಿಷಯ. ಆ ಕೋಣೆಯಲ್ಲಿ ಏನು ನಡೆದಿರಬಹುದು ಎಂದು ಯೋಚಿಸಿ. ಕಣ್ಣು ಕಟ್ಟಿ, ‘ಮನಸ್ಸಿನಲ್ಲಿ ಬಣ್ಣ ಬರುತ್ತದೆ, ಬಂದಿದ್ದು ಹೇಳು’ ಎಂದಿರುತ್ತಾರೆ. ಅವಳಿಗೆ ಏನೂ ಬರಲಿಲ್ಲ. ಪಕ್ಕದ ಮಗು ‘ಕೆಂಪು’ ಎಂದು ಕೂಗಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಸಂದಿಯಿಂದ ಕೆಂಪು ಕಾಣಿಸಿತು. ಅವಳೂ ‘ಕೆಂಪು’ ಎಂದಳು. ಚಪ್ಪಾಳೆ ಬಿತ್ತು. ಮನೆಗೆ ಬಂದ ಮೇಲೆ ಅಪ್ಪನ ಮುಖದ ಖುಷಿ ನೋಡಿದಳು, ಅಜ್ಜಿ ದೃಷ್ಟಿ ತೆಗೆದರು. ಈಗ ನಿಜ ಹೇಳುವುದು ಹೇಗೆ? 9 ವರ್ಷದ ಮಗುವಿನ ಎದೆ ಮೇಲೆ ಅದು ದೊಡ್ಡ ಭಾರ. ಅವಳನ್ನು ನೆಂಟರ ಮುಂದೆ ಕೂರಿಸಿ ಓದಿಸುವುದನ್ನು ಇವತ್ತೇ ನಿಲ್ಲಿಸಿ. ರಟ್ಟು ಹಿಡಿದು ಪರೀಕ್ಷಿಸಿ ಸಿಕ್ಕಿಹಾಕಿಸುವುದೂ ಬೇಡ, ಆ ಪರೀಕ್ಷೆ ದೊಡ್ಡವರಿಗೆ ಅರ್ಥವಾಗಲಿ ಎಂದು ನಾನು ಹೇಳಿದ್ದು.

ಕಣ್ಣಾಮುಚ್ಚಾಲೆ ಆಡುವಾಗ ಪಟ್ಟಿಯ ಕೆಳಗಿನಿಂದ ಇಣುಕದ ಮಗು ಯಾರಿದ್ದಾರೆ? ನಾವೂ ಇಣುಕಿದವರೇ. ಒಂದು ಮಧ್ಯಾಹ್ನ ನೀವಿಬ್ಬರೇ ಇದ್ದಾಗ ಆ ಕಪ್ಪು ಪಟ್ಟಿಯನ್ನು ನೀವು ಕಟ್ಟಿಕೊಳ್ಳಿ. ಅವಳ ಪುಸ್ತಕವನ್ನೇ ಮಡಿಲಲ್ಲಿಟ್ಟುಕೊಂಡು, ಗದ್ದ ಎತ್ತಿ, ಒಂದು ಸಾಲು ಗಟ್ಟಿಯಾಗಿ ಓದಿ. ‘ನೋಡೇ, ನನಗೂ ಕಾಣಿಸುತ್ತೆ, ಮೂಗಿನ ಪಕ್ಕದಿಂದ’ ಎನ್ನಿ. ಆಮೇಲೆ ಸುಮ್ಮನಿರಿ, ಮುಂದಿನ ಮಾತು ಅವಳೇ ಆಡಲಿ.